ಟಾರಸ್ ಕಥೆಯನ್ನು ಹಿಂದಿನ ಗಾಜಿನಿಂದ ಶುರು ಮಾಡಿ

ಪ್ರಿಯ ಲೇಖಕರೇ,

ಫೋರ್ಡ್ ಟಾರಸ್ ಕಾರಿನ ಚರಿತ್ರೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಸರಕು ಚೆನ್ನಾಗಿದೆ, ಜೋಡಿಸಿರುವುದು ಸರಿಯಿಲ್ಲ.

ಮೊದಲ ಎರಡು ಪುಟ ಕಂಪನಿ ಕಟ್ಟಿದ ಹೆನ್ರಿ ಫೋರ್ಡ್, ಅವರ ಹಳೇ ಕಾರು ಮಾಡೆಲ್ ಟಿ. ಟಾರಸ್ ಬರುವ ಹೊತ್ತಿಗೆ ಓದುಗ ಕಾಫಿಗೆ ಎದ್ದು ಹೋಗಿರುತ್ತಾನೆ. ಆಮೇಲೆ ಬರೀ ಎಂಜಿನ್ನುಗಳ ಪಟ್ಟಿ. ಟಾರಸ್ ಅಂದರೆ ವೃಷಭ ಅಂತ ಹೇಳಿ ಮುಂದೆ ಹೋಗಿ. ರಾಶಿಫಲದ ಪ್ಯಾರಾ ಬೇಡ.

ನಿಜವಾದ ಕಥೆ ಐದನೇ ಪುಟದಲ್ಲಿ, ಒಂದೇ ಸಾಲಿನಲ್ಲಿ ಅಡಗಿ ಕೂತಿದೆ: "1996ರ ಮಾದರಿಯಲ್ಲಿ ವಿನ್ಯಾಸ ಬದಲಾಯಿತು." ಏನು ಬದಲಾಯಿತು? ಆ ಕಾರಿನ ಹಿಂದೆ ಓದುಗನನ್ನು ನಿಲ್ಲಿಸಿ. ಹಿಂದಿನ ಗಾಜು ಮೊಟ್ಟೆ ಆಕಾರ. ಹೆಡ್‌ಲೈಟೂ ಹಾಗೇ. ಒಳಗೆ ಕೂತರೆ ರೇಡಿಯೋ, ಎಸಿ ಗುಂಡಿಗಳ ಫಲಕವೂ ಮೊಟ್ಟೆಯೇ. ಫೋರ್ಡ್ ಲಾಂಛನವನ್ನು ಕಾರಿನ ತುಂಬ ಒತ್ತಿಟ್ಟ ಹಾಗೆ! ಜನಕ್ಕೆ ಹಿಡಿಸಲಿಲ್ಲ.

ಮಜಾ ಏನೆಂದರೆ, 1985ರ ಕೊನೆಯಲ್ಲಿ ಮೊದಲ ಟಾರಸ್ ಬಂದಾಗಲೂ ಅದು ವಿಚಿತ್ರವಾಗಿಯೇ ಇತ್ತು. ರಸ್ತೆ ತುಂಬ ಡಬ್ಬಿಯಂಥ ಕಾರುಗಳು, ಇದು ಮಾತ್ರ ಬಳಸಿದ ಸೋಪಿನ ಥರ ನುಣುಪು. ಮೂತಿಯಲ್ಲಿ ಮಾಮೂಲಿ ಗ್ರಿಲ್ ಕೂಡ ಇಲ್ಲ. ಆಗ ಜನ ಮುಗಿಬಿದ್ದು ಕೊಂಡರು. ಎರಡೂ ಸಲ ವಿನ್ಯಾಸದ ಹೊಣೆ ಹೊತ್ತವರು ಜ್ಯಾಕ್ ಟೆಲ್ನಾಕ್. ಒಮ್ಮೆ ಗೆಲ್ಲಿಸಿದ ಧೈರ್ಯವೇ ಇನ್ನೊಮ್ಮೆ ಕೈಕೊಟ್ಟಿತು. ಇದನ್ನು ಬಿಟ್ಟು ಎಂಜಿನ್ ಪಟ್ಟಿ ಕೊಟ್ಟಿದ್ದೀರಲ್ಲ!

ಒಂದು ತಪ್ಪೂ ಇದೆ. "2000ದವರೆಗೂ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು" ಎಂದಿದ್ದೀರಿ. ಅಲ್ಲ. ಆ ಪಟ್ಟ ಇದ್ದದ್ದು 1992ರಿಂದ 1996ರವರೆಗೆ. 1997ರಲ್ಲಿ ಟೊಯೋಟಾ ಕ್ಯಾಮ್ರಿ ಕಿತ್ತುಕೊಂಡಿತು. ವರ್ಷಗಳನ್ನು ಪಕ್ಕಪಕ್ಕ ಇಟ್ಟರೆ ಆ ಗಾಜಿನ ಕಥೆಗೆ ಎಷ್ಟು ಬಲ ಬರುತ್ತದೆ ನೋಡಿ.

"ಮಧ್ಯಮ ಗಾತ್ರ" ಅಂತ ಸುಮ್ನೆ ಬಿಡಬೇಡಿ. ನಮ್ಮ ಓದುಗನ ಕಣ್ಣಿಗೆ ಡಿಜೈರ್ ಬರುತ್ತದೆ. ಮೊದಲ ಟಾರಸ್ ಉದ್ದ ಸುಮಾರು 4.8 ಮೀಟರ್. ನಮ್ಮಲ್ಲಿ 4 ಮೀಟರ್ ದಾಟಿದರೇ ತೆರಿಗೆ ಜಾಸ್ತಿ, ಅಲ್ವಾ?

ಕೊನೆಯ ಭಾಗ ಮಾತ್ರ ನನಗೆ ತುಂಬ ಇಷ್ಟವಾಯಿತು. 2006ರ ಅಕ್ಟೋಬರಿನಲ್ಲಿ ಅಟ್ಲಾಂಟಾ ಕಾರ್ಖಾನೆಯಲ್ಲಿ ತಯಾರಿಕೆ ನಿಂತಿತು. ಆಗಷ್ಟೇ ಫೋರ್ಡಿಗೆ ಮುಖ್ಯಸ್ಥರಾಗಿ ಬಂದಿದ್ದ ಅಲನ್ ಮುಲಾಲಿ, ಇಷ್ಟು ಹೆಸರು ಮಾಡಿದ ಕಾರಿನ ಹೆಸರನ್ನೇ ಯಾಕೆ ಬಿಟ್ಟಿರಿ ಎಂದು ಕೇಳಿದರು. 2007ರಲ್ಲಿ ಫೈವ್ ಹಂಡ್ರೆಡ್ ಎಂಬ ಬೇರೆ ಕಾರಿಗೆ ಟಾರಸ್ ಎಂದು ನಾಮಕರಣ ಆಯ್ತು, ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ. ಅದೂ 2019ರಲ್ಲಿ ಅಮೆರಿಕದಲ್ಲಿ ನಿಂತುಹೋಯಿತು. ಇದನ್ನು ಮುಟ್ಟಬೇಡಿ.

ಉಳಿದದ್ದನ್ನು ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಹೆನ್ರಿ ಫೋರ್ಡ್ ಇಲ್ಲದೆ.

ಇತಿ,
ಸಂಪಾದಕ