ಚರ್ಚಿನ ನೆರವು ಯಾರಿಗೆ, ಎಷ್ಟು, ಹೇಗೆ? – ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಪ್ರತಿ ಕ್ರಿಸ್ಮಸ್‌ಗೆ ನಮ್ಮ ಚರ್ಚಿಗೆ ನೆರವು ಕೇಳಿ ಬರುವವರು ಅದೇ ಹತ್ತು ಮನೆಯವರು. ನಿಜಕ್ಕೂ ಕಷ್ಟದಲ್ಲಿರುವವರು ಬಾಯಿ ಬಿಡುವುದೇ ಇಲ್ಲ. ಅವರನ್ನು ಕಂಡುಕೊಳ್ಳುವುದು ಹೇಗೆ? – ಓದುಗರು, ಬೆಳ್ತಂಗಡಿ

ಉತ್ತರ: ಚರ್ಚಿನ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತ ಕೂತರೆ ಹೀಗೇ ಆಗುತ್ತದೆ. ಕೇಳುವ ಧೈರ್ಯ ಇದ್ದವರು ಬರುತ್ತಾರೆ, ಮಾನಕ್ಕೆ ಅಂಜುವವರು ಮನೆಯಲ್ಲೇ ಉಳಿಯುತ್ತಾರೆ. 1833ರಲ್ಲಿ ಪ್ಯಾರಿಸಿನ ವಿದ್ಯಾರ್ಥಿ ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದಿ ಪಾವ್ಲ್ ಸೊಸೈಟಿ ಇಂದಿಗೂ ಬಿಡದ ಪದ್ಧತಿಯೊಂದಿದೆ: ಇಬ್ಬರು ಸದಸ್ಯರು ಜತೆಯಾಗಿ ಮನೆಗೇ ಹೋಗುವುದು. ಕರಾವಳಿಯ ಅನೇಕ ಚರ್ಚುಗಳಲ್ಲಿ ಇದರ ಘಟಕಗಳಿವೆ. ನಿಮ್ಮಲ್ಲಿದ್ದರೆ ಹೊಸ ಸಮಿತಿ ಕಟ್ಟಬೇಡಿ, ಅದಕ್ಕೇ ಜನ ಸೇರಿಸಿ.

ಹೋಗುವ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಅಡುಗೆಮನೆಯ ಕಷ್ಟ ಗಂಡಸರ ಮುಂದೆ ಹೊರಬರುವುದು ಕಡಿಮೆ. ವಾಳೆಯ (ಚರ್ಚಿನ ವ್ಯಾಪ್ತಿಯ ಮನೆಗಳ ಒಂದು ಗುಂಪು) ಮುಖ್ಯಸ್ಥರಾದ ಗುರಿಕಾರರಿಂದ ಮಾಹಿತಿ ಪಡೆಯಿರಿ, ತೀರ್ಮಾನವನ್ನು ಮಾತ್ರ ಅವರೊಬ್ಬರಿಗೇ ಬಿಡಬೇಡಿ. ಜಾಗದ ಗಡಿಯ ಹಳೇ ತಕರಾರು ಎಷ್ಟೋ ಮನೆಗಳನ್ನು ಪಟ್ಟಿಯಿಂದ ಹೊರಗಿಟ್ಟಿರುತ್ತದೆ. ‘ನಿಮಗೆ ಏನು ಬೇಕು’ ಎಂದು ನೇರ ಕೇಳಿದರೆ ‘ಏನೂ ಬೇಡ’ ಎಂಬ ಉತ್ತರವೇ ಬರುವುದು. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾರೆಯೇ, ಮಗು ಶಾಲೆ ತಪ್ಪಿಸುತ್ತಿದೆಯೇ, ಅಡವಿಟ್ಟ ಚಿನ್ನಕ್ಕೆ ಸಹಕಾರಿ ಬ್ಯಾಂಕಿನ ನೋಟಿಸು ಬಂದಿದೆಯೇ, ಸ್ವಸಹಾಯ ಸಂಘದ ಸಾಲದ ವಾರದ ಕಂತು ಎಷ್ಟು – ಇಷ್ಟು ಮಾತಿನ ನಡುವೆ ತಿಳಿದುಕೊಂಡರೆ ಸಾಕು. ಕಂತು ಬಾಕಿ ಇರುವ ಮನೆಗೆ ನಗದು ಕೊಟ್ಟರೆ ಅದು ಆ ವಾರವೇ ಕಂತಿಗೆ ಹೋಗುತ್ತದೆ, ಒಲೆಯ ಮೇಲೆ ಬರುವುದಿಲ್ಲ. ಅಲ್ಲಿ ಸಾಮಾನು ಕೊಡುವುದೇ ಸರಿ.

ಮನೆಗೊಂದು ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಬರೆದಿಡಿ. ಚರ್ಚಿನ ಆಡಳಿತ ನೋಡುವ ಪಾಲನಾ ಮಂಡಳಿಯ ಸಭೆಗೆ ಆ ಸಂಖ್ಯೆ ಮತ್ತು ಮೊತ್ತ ಮಾತ್ರ ಹೋಗಲಿ. ಚರ್ಚಿನ ಬಲಿಪೂಜೆಯ (ಮಾಸ್) ಕೊನೆಗೆ ಹೆಸರು ಓದುವುದು, ಕಿಟ್ ಕೊಡುವ ಫೋಟೊ ವಾಟ್ಸಾಪಿಗೆ ಹಾಕುವುದು ದಯವಿಟ್ಟು ಬೇಡ. ಹಾಗೆ ಮಾಡಿದ ಊರಲ್ಲಿ ಮರುವರ್ಷ ಬಾಗಿಲು ತೆರೆಯುವವರು ಕಡಿಮೆ. ನೆರೆಯ ಹಿಂದೂ, ಮುಸ್ಲಿಂ ಮನೆಗಳೂ ಇದೇ ಪುಸ್ತಕದಲ್ಲಿರಲಿ.

ಪ್ರಶ್ನೆ: ತಿಂಗಳ ಕಿಟ್‌ನಲ್ಲಿ 10 ಕಿಲೊ ಅಕ್ಕಿ ಕೊಡುತ್ತಿದ್ದೇವೆ. ಕೆಲವರು ಅದನ್ನು ಮಾರುತ್ತಾರಂತೆ. ನಿಲ್ಲಿಸಬೇಕೇ? – ಓದುಗರು, ಕಾರ್ಕಳ

ಉತ್ತರ: ಅವರನ್ನು ದೂರಬೇಡಿ, ಕಿಟ್ ಬದಲಿಸಿ. ಆಹಾರ ಭದ್ರತಾ ಕಾಯ್ದೆಯಡಿ ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕಿಲೊ, ಬಿಪಿಎಲ್ ಕಾರ್ಡಿನಲ್ಲಿ ತಲೆಗೆ 5 ಕಿಲೊ ಧಾನ್ಯ ಸಿಗುತ್ತದೆ. ಅನ್ನಭಾಗ್ಯ ಅದರ ಮೇಲೆ. ಕಾರ್ಡಿದ್ದ ಮನೆಯಲ್ಲಿ ಅಕ್ಕಿ ಇರುತ್ತದೆ, ಬೇಳೆ ಸಾಲುವುದಿಲ್ಲ. ನಾಲ್ವರ ಮನೆಗೆ ತಲೆಗೆ ದಿನಕ್ಕೆ ಬರೀ 25 ಗ್ರಾಂ ಹಿಡಿದರೂ ತಿಂಗಳಿಗೆ 3 ಕಿಲೊ ಕಾಳುಬೇಳೆ ಬೇಕು. ಹಾಗಾಗಿ ತೊಗರಿಬೇಳೆ 2 ಕಿಲೊ, ಹೆಸರುಕಾಳು 1 ಕಿಲೊ, ಎಣ್ಣೆ 2 ಲೀಟರ್, ಒಣಮೆಣಸು ಮತ್ತು ಕೊತ್ತಂಬರಿ ಕಾಲು ಕಾಲು ಕಿಲೊ, ಸಕ್ಕರೆ, ಚಹಾಪುಡಿ, ಸ್ನಾನದ ಮತ್ತು ಬಟ್ಟೆಯ ಸೋಪು, ಹೆಣ್ಣುಮಕ್ಕಳಿದ್ದರೆ ಪ್ಯಾಡು. ಅಕ್ಕಿಯನ್ನು ಕಾರ್ಡಿಲ್ಲದವರಿಗೆ ಮೀಸಲಿಡಿ. ಬೇರೆ ಜಿಲ್ಲೆಯಿಂದ ಕೂಲಿಗೆ ಬಂದವರಿಗೆ ಊರಲ್ಲಿ ಕಾರ್ಡಿದ್ದರೆ, ಅದೇ ಕಾರ್ಡಿನಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಿಂದಲೂ ಪಡಿತರ ತರಬಹುದೆಂದು ತಿಳಿಸಿ.

‘ಮನೆಗೊಂದು ಸಾಮಾನು ತನ್ನಿ’ ಎಂದು ಚರ್ಚಿನಲ್ಲಿ ಹೇಳಿದರೆ ಮುಕ್ಕಾಲುಪಾಲು ಅಕ್ಕಿಯೇ ಬಂದು ಬೀಳುತ್ತದೆ. ವಾಳೆಗೊಂದು ಸಾಮಾನು ಹಂಚಿಬಿಡಿ: ಒಂದಕ್ಕೆ ಬೇಳೆ, ಇನ್ನೊಂದಕ್ಕೆ ಎಣ್ಣೆ. ಸೋಪನ್ನು ಬೇಳೆಯ ಚೀಲದಲ್ಲೇ ಹಾಕಿದರೆ ಎರಡೇ ದಿನದಲ್ಲಿ ಬೇಳೆಗೆ ಅದರ ವಾಸನೆ ಹತ್ತುತ್ತದೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ, ಬೇಳೆಗೆ ಹುಳ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಯಾ ತಿಂಗಳಿಗೆ ಬೇಕಾದಷ್ಟನ್ನೇ ಕೊಳ್ಳಿ.

ಪ್ರಶ್ನೆ: ಶಸ್ತ್ರಚಿಕಿತ್ಸೆಗೆಂದು ಬರುವವರಿಗೆ ಎಷ್ಟು ಕೊಟ್ಟರೂ ಸಾಲದು. ನಮ್ಮ ನಿಧಿ ಚಿಕ್ಕದು. – ಓದುಗರು, ಕುಂದಾಪುರ

ಉತ್ತರ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಎಡವುವುದು ಕ್ರಮದಲ್ಲಿ. ತುರ್ತಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಎಷ್ಟೋ ಜನ ಖಾಸಗಿ ಆಸ್ಪತ್ರೆಗೆ ಸೇರಿ, ಬಿಲ್ಲು ಏರಿದ ಮೇಲೆ ಪತ್ರಕ್ಕೆ ಓಡಾಡುತ್ತಾರೆ. ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ರು ಇರುತ್ತಾರೆ; ಕಾರ್ಡು, ಆಧಾರ್ ಹಿಡಿದು ಸೇರುವ ದಿನವೇ ಅವರನ್ನು ಕಾಣಬೇಕು. ಜತೆಗೆ ಹೋಗಿ ಇಷ್ಟು ಮಾಡಿಸಿಕೊಡುವ ಒಬ್ಬ ನಿವೃತ್ತ ನರ್ಸ್ ಅಥವಾ ಗುಮಾಸ್ತರು ನಿಮ್ಮ ಚರ್ಚಿನಲ್ಲಿದ್ದರೆ ನಿಧಿಗಿಂತ ದೊಡ್ಡ ಆಸರೆ.

ಚಿಕ್ಕ ನಿಧಿ ಇರುವುದು ಯೋಜನೆ ಮುಟ್ಟದ ಖರ್ಚುಗಳಿಗೆ: ಬಸ್ಸು, ಆಟೊ, ಜತೆಗಿರುವವರ ಊಟ, ತಪ್ಪಿದ ದಿನಗೂಲಿ, ಮನೆಗೆ ಬಂದ ಮೇಲಿನ ಮದ್ದು. ಆಸ್ಪತ್ರೆಗೇ ಹಣ ಕಟ್ಟಬೇಕಾಗಿ ಬಂದರೆ ಕೌಂಟರಿನಲ್ಲಿ ನೀವೇ ಕಟ್ಟಿ, ರಸೀದಿ ಪಡೆಯಿರಿ.

ಪ್ರಶ್ನೆ: ಗಲ್ಫ್ ಮತ್ತು ಕೆನಡಾದಲ್ಲಿರುವ ನಮ್ಮವರು ಹಣ ಕಳಿಸುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ? – ಓದುಗರು, ಉಡುಪಿ

ಉತ್ತರ: ಪಾಸ್‌ಪೋರ್ಟ್ ಕೇಳಿ ನೋಡಿ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಕೆನಡಾದ ಪೌರತ್ವ ಪಡೆದವರದ್ದು, ಒಸಿಐ ಕಾರ್ಡಿದ್ದರೂ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡು), ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಚರ್ಚು ಅದನ್ನು ಮುಟ್ಟುವಂತಿಲ್ಲ. ಊರಿನ ಸಂಬಂಧಿಕರ ಖಾತೆಗೆ ತರಿಸಿ ಚರ್ಚಿಗೆ ದಾಟಿಸುವ ಒಳದಾರಿ ಹಿಡಿಯಬೇಡಿ, ಸಿಕ್ಕಿಬೀಳುವುದು ಇಡೀ ಧರ್ಮಕೇಂದ್ರ.

ಪ್ರಶ್ನೆ: ವಾಕರ್, ಗಾಲಿಕುರ್ಚಿ, ಗಾಳಿಹಾಸಿಗೆ ಎರವಲು ಕೊಡುವ ವ್ಯವಸ್ಥೆ ಮಾಡಿದ್ದೇವೆ. ಹೋದದ್ದು ತಿರುಗಿ ಬರುವುದಿಲ್ಲ. – ಓದುಗರು, ಮೂಡುಬಿದಿರೆ

ಉತ್ತರ: ಠೇವಣಿ ಕೇಳಬೇಡಿ, ಬೇಕಾದವರೇ ಹಿಂಜರಿಯುತ್ತಾರೆ. ಪ್ರತಿಯೊಂದಕ್ಕೂ ಬಣ್ಣದಲ್ಲಿ ಅಂಕಿ ಬರೆದು, ತಿಂಗಳಿಗೊಮ್ಮೆ ಫೋನ್ ಮಾಡಿ ರೋಗಿ ಹೇಗಿದ್ದಾರೆಂದು ವಿಚಾರಿಸಿ; ಕೆಲಸ ಮುಗಿದಿದ್ದರೆ ಅವರೇ ಹೇಳುತ್ತಾರೆ. ಸಾವಿನ ಮನೆಯಿಂದ ತರಲು ನೀವೇ ಹೋಗಿ, ಆದರೆ ತೀರಿಕೊಂಡವರ ಹೆಸರಿನ ತಿಂಗಳ ಪೂಜೆ ಕಳೆಯಲಿ. ಮತ್ತೆ ಕೊಡುವ ಮುಂಚೆ ಸೋಪುನೀರಲ್ಲಿ ತೊಳೆದು ಬಿಸಿಲಿಗಿಡಿ, ವಾಕರಿನ ಕಾಲಿನ ರಬ್ಬರ್ ಬುಡ ಸವೆದಿದೆಯೇ ನೋಡಿ. ಸವೆದ ವಾಕರು ಒದ್ದೆ ನೆಲದಲ್ಲಿ ಜಾರುತ್ತದೆ. ಗಾಳಿಹಾಸಿಗೆಯನ್ನು ಪಂಪು ಹಾಕಿ ಒಂದು ರಾತ್ರಿ ಉಬ್ಬಿಸಿಟ್ಟು, ಎಲ್ಲೂ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕೊಡಿ.