ಡೆಡ್ ಸ್ಪೇಸ್‌ನಲ್ಲಿ ಎದುರಾಳಿಗಳಾಗಿ ಆಡೋದು ಚೆನ್ನಾ, ಜೊತೆಯಾಗಿ ಆಡೋದು ಚೆನ್ನಾ?

ನೀವು ಮೈಸೂರಿನಲ್ಲಿ, ಗೆಳೆಯ ಮಂಡ್ಯದಲ್ಲಿ. ಇಬ್ಬರೂ ಆಡೋಕೆ ಡೆಡ್ ಸ್ಪೇಸ್ ಅನ್ನೋ ಹಾರರ್ ವಿಡಿಯೋ ಗೇಮ್‌ನ 2ನೇ ಭಾಗ ತಗೊಳ್ಳೋದಾ 3ನೇದು ತಗೊಳ್ಳೋದಾ ಅಂತ ಕೇಳಿದ್ದೀರಿ. ಕಣ್ಣುಮುಚ್ಚಿ 3 ತಗೊಳ್ಳಿ.

2011ರ ಡೆಡ್ ಸ್ಪೇಸ್ 2ರಲ್ಲಿ ಇದ್ದದ್ದು ಪೈಪೋಟಿ ಆಟ. ನಾಲ್ವರು ಮನುಷ್ಯರು, ನಾಲ್ವರು ನೆಕ್ರೋಮಾರ್ಫ್‌ಗಳು, ಅಂದರೆ ಹೆಣಗಳಿಂದ ಹುಟ್ಟಿದ ರಾಕ್ಷಸರು. ಮನುಷ್ಯರು ಕೊಟ್ಟ ಕೆಲಸ ಮುಗಿಸಬೇಕಿತ್ತು, ಉಳಿದವರು ತಡೆಯಬೇಕಿತ್ತು. ರಾಕ್ಷಸನ ಪಾತ್ರ ನಮಗೇ ಸಿಕ್ಕರೆ ಮಜಾ ಇತ್ತು ನಿಜ, ಆದರೆ ಹೆದರಿಕೆ ಅಲ್ಲಿಗೇ ಮುಗೀತು. ಸತ್ತರೆ ಸ್ವಲ್ಪ ಹೊತ್ತಿಗೆ ಮತ್ತೆ ಹುಟ್ಟುತ್ತಿದ್ದೆವು, ಇನ್ನೇನು ಭಯ?

2013ರ ಡೆಡ್ ಸ್ಪೇಸ್ 3ರಲ್ಲಿ ಇಡೀ ಕಥೆಯನ್ನೇ ಇಬ್ಬರು ಆಡಬಹುದು. ಒಬ್ಬ ಕಥಾನಾಯಕ ಐಸಾಕ್, ಇನ್ನೊಬ್ಬ ಅವನ ಜೊತೆಗಾರ ಸೈನಿಕ ಕಾರ್ವರ್. ಜೊತೆಗೆ ಜನ ಇದ್ದರೆ ಧೈರ್ಯ ಬರುತ್ತೆ, ಹಾರರ್ ಕೆಡುತ್ತೆ ಅಂತ ಆಗ ಜಾಸ್ತಿ ಜನ ಗೊಣಗಿದರು. ಅರ್ಧ ನಿಜ. ಆದರೆ ಇಬ್ಬರಿದ್ದರೆ ಮಾತ್ರ ತೆರೆಯುವ ಕೆಲವು ಮಿಷನ್‌ಗಳಿವೆ, ಅಲ್ಲಿ ಒಂದು ಕಿತಾಪತಿ ಮಾಡಿದ್ದಾರೆ. ಕಾರ್ವರ್ ಆಡುವವನ ಪರದೆಯಲ್ಲಿ ಆಟಿಕೆ ಸೈನಿಕರು, ಹುಟ್ಟುಹಬ್ಬದ ಉಡುಗೊರೆಗಳು ಕಾಣಿಸುತ್ತವೆ. ಐಸಾಕ್‌ನ ಪರದೆಯಲ್ಲಿ ಅದ್ಯಾವುದೂ ಇಲ್ಲ. "ಅಲ್ಲಿ ಗೊಂಬೆ ನೋಡ್ದಾ?" ಅಂತ ಒಬ್ಬ ಹೆಡ್‌ಸೆಟ್‌ನಲ್ಲಿ ಕೇಳಿದರೆ, "ಯಾವ ಗೊಂಬೆ ಮಾರಾಯ?" ಅಂತ ಇನ್ನೊಬ್ಬ. ಪಕ್ಕದವನ ಕಣ್ಣನ್ನೇ ನಂಬೋಕೆ ಆಗಲ್ಲ ಅಲ್ವಾ! ಎದುರಾಳಿಯಿಂದ ಈ ಥರದ ಹೆದರಿಕೆ ಹುಟ್ಟಲ್ಲ. ಕಾರ್ವರ್‌ನನ್ನು ಗೆಳೆಯನಿಗೆ ಕೊಡಿ, ಏನೂ ಹೇಳಬೇಡಿ.

ಒಂದೇ ಟಿವಿಯಲ್ಲಿ ಪರದೆ ಹಂಚಿಕೊಂಡು ಆಡುವ ಸೌಲಭ್ಯ ಇದರಲ್ಲಿಲ್ಲ, ಆನ್‌ಲೈನ್ ಮಾತ್ರ. ಹಾಗಾಗಿ ಇಬ್ಬರ ಹತ್ತಿರವೂ ಗೇಮ್ ಇರಬೇಕು. 2023ರಲ್ಲಿ ಹೊಸದಾಗಿ ಬಂದ ಮೊದಲ ಭಾಗವನ್ನು ತಪ್ಪಿ ತಗೊಂಡೀರಿ ಜೋಕೆ, ಅದು ಒಬ್ಬರೇ ಆಡುವಂಥದ್ದು.