ಸೈನ್ಯದಲ್ಲಿ ಸಲಿಂಗಿಗಳು: ನಿಮ್ಮ ಲೇಖನವನ್ನು ಹಿಂದಿರುಗಿಸಲು ಕಾರಣ

ಮಾನ್ಯರೇ,

ಸಲಿಂಗಿಗಳು ತಮ್ಮ ಗುರುತನ್ನು ಮುಚ್ಚಿಡದೆ ಸೈನ್ಯದಲ್ಲಿ ಸೇವೆ ಸಲ್ಲಿಸುವಂತಾಗಬೇಕೆಂದು ವಾದಿಸುವ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ನಿಮ್ಮ ನಿಲುವಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈಗಿರುವ ರೂಪದಲ್ಲಿ ಅದನ್ನು ಅಚ್ಚಿಗೆ ಕೊಡಲಾರೆ.

ಎಲ್ಲಕ್ಕಿಂತ ದೊಡ್ಡ ತೊಡಕು ನಿಮ್ಮೂರಿನ ಯೋಧರ ಪ್ರಸಂಗ. ಅವರ ಹೆಸರನ್ನು ಬದಲಾಯಿಸಿದ್ದೀರಿ, ನಿಜ. ಆದರೆ ಹೊಸನಗರ ತಾಲ್ಲೂಕು, ಅವರ ರೆಜಿಮೆಂಟು, ಭರ್ತಿಯಾದ ವರ್ಷ, ತಂದೆಯ ಉದ್ಯೋಗ, ಮನೆಗೆ ಹೋಗುವ ಕಾಲುಸಂಕದವರೆಗೆ ಎಲ್ಲವೂ ಹಾಗೆಯೇ ಉಳಿದಿವೆ. ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆಯಿರುವ ನಮ್ಮ ಊರುಗಳಲ್ಲಿ ಮಿಲಿಟರಿಗೆ ಹೋದವರು ಯಾರ ಮನೆಯ ಮಗ ಎಂಬುದು ಬಸ್ಸಿನ ಕಂಡಕ್ಟರನಿಗೂ ಗೊತ್ತಿರುತ್ತದೆ. ಅವರು ಒಪ್ಪಿಗೆ ಕೊಟ್ಟಿದ್ದಾರೆಂದು ನೀವು ಎಲ್ಲಿಯೂ ಹೇಳಿಲ್ಲ. ಬಹಿರಂಗವಾಗಿರುವ ಹಕ್ಕನ್ನು ಕೇಳುವ ಲೇಖನವೇ ಒಬ್ಬರನ್ನು ಅವರಿಗೆ ತಿಳಿಯದಂತೆ ಬಹಿರಂಗಪಡಿಸಿದರೆ, ಅದರ ಫಲವನ್ನು ಉಣ್ಣಬೇಕಾದವರು ನೀವೂ ಅಲ್ಲ, ನಾನೂ ಅಲ್ಲ. ಆ ಭಾಗವನ್ನು ಪೂರ್ತಿ ತೆಗೆಯಿರಿ.

ಆ ಫಲ ಏನಾಗಬಹುದೆಂಬುದು ನಿಮಗೆ ಹೊಳೆಯದಿರಲು ಕಾರಣ, ಲೇಖನ 2018ರ ಸೆಪ್ಟೆಂಬರ್ 6ರ ತೀರ್ಪಿಗೇ ನಿಂತುಬಿಟ್ಟಿದೆ. ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ಬಿಡಿಸಿತು. ಅಲ್ಲಿಗೆ ಸೈನಿಕನೂ ಬಿಡುಗಡೆಯಾದನೆಂದು ನೀವು ಬರೆದಿದ್ದೀರಿ. ನಿಮ್ಮ ವಿಷಯ ನಿಜವಾಗಿ ಶುರುವಾಗುವುದೇ ಅಲ್ಲಿಂದ. ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯ್ದೆಯ 46ನೇ ಕಲಮು ‘ಅಸ್ವಾಭಾವಿಕ’ ಬಗೆಯ ಲಜ್ಜಾಸ್ಪದ ನಡತೆಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶ ಕೊಡುತ್ತದೆ. 45ನೇ ಕಲಮು ಅಧಿಕಾರಿಗಳ ಅನುಚಿತ ವರ್ತನೆಯನ್ನು ಶಿಕ್ಷಿಸುತ್ತದೆ. ತೀರ್ಪು ಬಂದ ಕೆಲವೇ ತಿಂಗಳಲ್ಲಿ, 2019ರ ಜನವರಿಯಲ್ಲಿ, ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರು ಸೇನೆಯಲ್ಲಿ ಸಲಿಂಗ ಸಂಬಂಧಕ್ಕೆ ಆಸ್ಪದವಿಲ್ಲ, ಇಂಥ ಪ್ರಕರಣಗಳನ್ನು ಸೇನಾ ಕಾಯ್ದೆಯಡಿಯೇ ನೋಡಿಕೊಳ್ಳುತ್ತೇವೆ ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದ್ದರು. ಇವನ್ನೆಲ್ಲ ಬಿಟ್ಟರೆ ನಿಮ್ಮ ವಾದಕ್ಕೆ ಎದುರಾಳಿಯೇ ಇಲ್ಲದಂತಾಗುತ್ತದೆ.

ಅಮೆರಿಕ 2011ರವರೆಗೆ ಸಲಿಂಗಿಗಳನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ ಎಂಬ ವಾಕ್ಯ ತಪ್ಪು. 1993ರಲ್ಲಿ ಬಂದು 2011ರವರೆಗೆ ಇದ್ದ ಅಲ್ಲಿನ ನೀತಿಯ ಪ್ರಕಾರ ಅಧಿಕಾರಿಗಳು ಕೇಳುವಂತಿರಲಿಲ್ಲ, ಸೈನಿಕರು ಹೇಳುವಂತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದವರು ಉಳಿಯಬಹುದಿತ್ತು. ಆದರೂ ಆ ಅವಧಿಯಲ್ಲಿ 13,000ಕ್ಕೂ ಹೆಚ್ಚು ಮಂದಿ ಹೊರದೂಡಲ್ಪಟ್ಟರು. ಇದನ್ನು ಬಿಡಿಸಿ ಬರೆದರೆ ಲೇಖನಕ್ಕೆ ಬಲ ಬರುತ್ತದೆ, ಏಕೆಂದರೆ ಮೌನವಾಗಿದ್ದರೆ ಸಾಕೆನ್ನುವವರಿಗೆ ಅದಕ್ಕಿಂತ ನೇರವಾದ ಉತ್ತರವಿಲ್ಲ.

ಬ್ಯಾರಕ್ಕಿನ ಒಗ್ಗಟ್ಟು ಕೆಡುತ್ತದೆ ಎನ್ನುವವರನ್ನು ನೀವು ‘ಮೂಢರು’ ಎಂದು ಕರೆದಿದ್ದೀರಿ. ನಮ್ಮ ಓದುಗರಲ್ಲಿ ಸಾಗರ, ತೀರ್ಥಹಳ್ಳಿ ಕಡೆಯ ನಿವೃತ್ತ ಸುಬೇದಾರರೂ ಹವಾಲ್ದಾರರೂ ಇದ್ದಾರೆ. ಬಂಕರಿನಲ್ಲಿ ತಿಂಗಳುಗಟ್ಟಲೆ ಒಟ್ಟಿಗೆ ಮಲಗಿ ಎದ್ದವರ ಆತಂಕಕ್ಕೆ ಬೈಗುಳ ಉತ್ತರವಾಗದು. ಸಲಿಂಗಿಗಳನ್ನು ಸೈನ್ಯದಿಂದ ನಿಷೇಧಿಸಿದ್ದ ಬ್ರಿಟನ್ ಕೂಡ ಇದೇ ವಾದವನ್ನು ಮುಂದಿಟ್ಟಿತ್ತು. ಬಹುಸಂಖ್ಯಾತರ ಪೂರ್ವಗ್ರಹವೊಂದೇ ಅಲ್ಪಸಂಖ್ಯಾತರನ್ನು ಹೊರಗಿಡಲು ಸಾಕಷ್ಟು ಕಾರಣವಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1999ರಲ್ಲಿ ಹೇಳಿದ ಮೇಲೆ, 2000ದ ಜನವರಿಯಲ್ಲಿ ಅಲ್ಲಿನ ನಿಷೇಧ ಹೋಯಿತು. 2023ರಲ್ಲಿ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಇಂಥ ಸಂಗತಿಗಳನ್ನು ಮುಂದಿಟ್ಟು ಆ ಸುಬೇದಾರರೊಡನೆ ಮಾತಾಡಿ. ಒಪ್ಪುತ್ತಾರೋ ಬಿಡುತ್ತಾರೋ, ಕೊನೆಯವರೆಗೆ ಓದಿಯಾದರೂ ಓದುತ್ತಾರೆ.

ನೀವು ಮುಟ್ಟದೆ ಬಿಟ್ಟ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಅಗ್ನಿಪಥದಲ್ಲಿ ನಾಲ್ಕು ವರ್ಷಕ್ಕೆ ಸೇರುವ ನಮ್ಮ ಹುಡುಗರಲ್ಲಿ ಹೆಚ್ಚೆಂದರೆ ಶೇ. 25ರಷ್ಟು ಮಂದಿ ಉಳಿಯಬಹುದು. ಆಯ್ಕೆ ಮೇಲಿನವರ ಕೈಯಲ್ಲಿರುವಾಗ, ತಾನು ಯಾರೆಂದು ಹೇಳಿಕೊಳ್ಳುವ ಧೈರ್ಯ ಯಾರಿಗೆ ಬಂದೀತು? ಯೋಧರ ಪ್ರಸಂಗ ತೆಗೆದ ಜಾಗದಲ್ಲಿ ಇದನ್ನು ಬೆಳೆಸಿ. ‘ವಸುಧೈವ ಕುಟುಂಬಕಂ’ ಕುರಿತ ಪೀಠಿಕೆ ಬೇಡವೇ ಬೇಡ. ತಿದ್ದಿದ ಪ್ರತಿಯನ್ನು ದೀಪಾವಳಿಯೊಳಗೆ ಕಳುಹಿಸಿದರೆ ಅದರ ಮುಂದಿನ ಸಂಚಿಕೆಗೆ ಪರಿಶೀಲಿಸುತ್ತೇನೆ.

ಇಂತು,
ಸಂಪಾದಕ, ಶಿವಮೊಗ್ಗ